ಕಲಬುರ್ಗ್ಯಾಗ ಉಕುಲೇಲೆ ಬಾರ್ಸೋ ಮಂದಿ ಎಲ್ಲಿ ಕುಂದರ್ತಾರ?

"ಅಣ್ಣಾ, ನಮ್ಮ ಕಲಬುರ್ಗ್ಯಾಗ ಉಕುಲೇಲೆ ಕ್ಲಬ್ ಅದ ಏನ್ರಿ" ಅಂತ ಮೆಸೇಜ್ ಹಾಕೋರು ಈಗೀಗ ಜಾಸ್ತಿ ಆಗ್ಯಾರ, ಒಬ್ಬೊಬ್ಬರಿಗೂ ಬ್ಯಾರೆ ಬ್ಯಾರೆ ಟೈಪ್ ಮಾಡೋಕಿಂತ ಒಮ್ಮೆ ಪೂರಾ ಬರೆದು ಇಟ್ಟುಬಿಟ್ರ ಆಯ್ತು ಅಂತ ಇವತ್ತು ಕುಂತೀನಿ. ಉಕುಲೇಲೆ ಅಂದ್ರ ಗಿಟಾರ್‌ನಂಥದೇ ನಾಕ್ ತಂತಿ ಸಣ್ಣ ವಾದ್ಯ. ಬೋರ್ಡ್ ಹಾಕಿ, ರಸೀದಿ ಕೊಟ್ಟು ಮೆಂಬರ್ ಮಾಡ್ಕೊಳ್ಳೋ ಕ್ಲಬ್ ಅಂತೂ ನನ್ನ ಕಣ್ಣಿಗಿ ಬಿದ್ದಿಲ್ಲ. ಮಂದಿ ಮಾತ್ರ ಅದಾರ. ಎಂಜಿನಿಯರಿಂಗ್ ಕಾಲೇಜಿನ ಹುಡುಗ್ರು, ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿಗಿ ಬ್ಯಾರೆ ರಾಜ್ಯದಿಂದ ಬಂದು ಹಾಸ್ಟೆಲ್‌ನಾಗ ಇರೋರು, ಬ್ಯಾಂಕ್ ನೌಕ್ರಿಯಿಂದ ರಿಟೈರ್ ಆದ ಸರ್ ಒಬ್ರು, ಪ್ರೈಮರಿ ಸಾಲಿ ಬಾಯೋರು ಒಬ್ರು, ಮಗಳಿಗಿ ತಂದ ವಾದ್ಯ ಮಗಳು ಮುಟ್ಟಲಿಲ್ಲ ಅಂತ ತಾವೇ ಕಲಿಲಕತ್ತ ಅಪ್ಪಂದಿರು, ಹಿಂಗ. ಎಲ್ಲಾರೂ ಒಂದ ಕಡಿ ಸೇರೋದು ಅಪರೂಪ, ನಾಕ್ ಮಂದಿ ಸೇರಿದ್ರ ಅವತ್ತು ಹಬ್ಬ.

ಆದ್ರ ನನ್ನ ಮಾತು ಕೇಳ್ತೀರಿ ಅಂದ್ರ, ಉಕುಲೇಲೆ ಇದ್ದವರನ್ನ ಹುಡ್ಕೋದು ಬಿಟ್ಟು ಹಾಡೋರನ್ನ ಹುಡ್ಕ್ರಿ. ಉಕುಲೇಲೆ ಬಾರ್ಸೋರು ಈ ಊರಾಗ ಕೈಬೆರಳಿನ ಮ್ಯಾಗ ಎಣಿಸೋ ಅಷ್ಟು, ಹಾಡೋರಿಗೆ ಮಾತ್ರ ಎಂದೂ ಬರ ಬಂದಿಲ್ಲ. ಓಣಿಗೊಂದು ಭಜನಿ ಮಂಡಳಿ ಅದ, ತತ್ವಪದ ಹಾಡೋ ಮುತ್ಯಾ ಅದಾನ, ವಚನ ಹಾಡೋ ಅಕ್ಕನ ಬಳಗದವ್ರು ಅದಾರ, ದರ್ಗಾದ ಕಡಿ ಹೋದ್ರ ಕವ್ವಾಲಿ ಅದ. ಇಷ್ಟು ಮಂದಿ ಹಾಡೋ ಊರಾಗ ರೂಮಿನ ಬಾಗ್ಲಾ ಹಾಕ್ಕೊಂಡು ಯೂಟ್ಯೂಬ್ ಮುಂದ ಕುಂತು ಇಂಗ್ಲಿಷ್ ಹಾಡಿನ ನಾಕ್ ಕಾರ್ಡ್ (ಒಮ್ಮೆಲೆ ನುಡಿಸೋ ಸ್ವರಗಳ ಗುಂಪು) ತಿಕ್ಕೋದು ಅಂದ್ರ ನನಗ ಭಾಳ ಬ್ಯಾಸರ ಆಗ್ತದ. ಈ ಬರಹ ಪೂರಾ ಅದರ ಸುತ್ತನೇ ಅದ, ಮೊದ್ಲೇ ಹೇಳ್ಬಿಡ್ತೀನಿ.

ಗೊತ್ತಿಲ್ದವ್ರಿಗಿ ಜರಾ ಹಿನ್ನೆಲಿ ಹೇಳಿ ಮುಂದ ಹೋಗ್ತೀನಿ. ಉಕುಲೇಲೆ ಹವಾಯಿ ದ್ವೀಪದ ವಾದ್ಯ ಅಂತ ಹೆಸರು, ಖರೆ ಅಂದ್ರ ಅದರ ತವರುಮನಿ ಪೋರ್ಚುಗಲ್‌ನ ಮದೀರಾ ದ್ವೀಪ. 1879ರ ಆಗಸ್ಟ್ 23ಕ್ಕ ರೇವನ್ಸ್‌ಕ್ರಾಗ್ ಅನ್ನೋ ಹಡಗು ಮದೀರಾದಿಂದ ಕಬ್ಬಿನ ಹೊಲದಾಗ ದುಡಿಲಕ್ಕ ಕೂಲಿ ಮಂದಿನ ಕರ್ಕೊಂಡು ಹೊನೊಲುಲುಗಿ ಬಂತು, ಅದರಾಗ ಮ್ಯಾನುಯೆಲ್ ನುನೆಸ್, ಆಗಸ್ಟೊ ದಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಅಂತ ಮೂರು ಮಂದಿ ಬಡಿಗ್ಯಾರಿದ್ರು. ಹೊಲದ ಕೆಲಸ ಮುಗಿದ ಮ್ಯಾಗ ಇವ್ರು ತಮ್ಮೂರ ಸಣ್ಣ ತಂತಿ ವಾದ್ಯನ ಅಲ್ಲಿಯ ಕೋವಾ ಕಟ್ಟಿಗ್ಯಾಗ ಮಾಡ್ಲಕ್ಕ ಶುರು ಮಾಡಿದ್ರು. ಹವಾಯಿ ರಾಜ ಕಲಾಕೌವನಿಗಿ ಅದು ಭಾಳ ಸೇರ್ತು, ಅರಮನಿ ಕುಣಿತದಾಗ ಜಾಗ ಕೊಟ್ಟ, ಅಲ್ಲಿಗಿ ಅದು ಆ ಊರಿಂದೇ ಆಗಿಹೋಯ್ತು. 1915ರಾಗ ಸ್ಯಾನ್ ಫ್ರಾನ್ಸಿಸ್ಕೊದ ದೊಡ್ಡ ಪ್ರದರ್ಶನದಾಗ ಹವಾಯಿ ಮಂದಿ ಬಾರ್ಸಿದ್ದು ಕೇಳಿ ಅಮೆರಿಕಾ ಹುಚ್ಚಾತು. ಕೂಲಿಗಿ ಬಂದವ್ರು ತಂದ ವಾದ್ಯ ಇದು, ಹಂಗಾಗಿ "ಇದು ಶೋಕಿ ಮಂದಿದು" ಅಂತ ಯಾರರೆ ಅಂದ್ರ ನಾ ಈ ಕತಿ ಹೇಳ್ತೀನಿ.

ಈಗ ತಗೊಳ್ಳೋ ವಿಷಯ. ನಮ್ಮ ಸೂಪರ್ ಮಾರ್ಕೆಟ್ ಕಡಿ ವಾದ್ಯದ ಅಂಗಡಿಗಿ ಹೋದ್ರ ಹಾರ್ಮೋನಿಯಂ, ತಬಲಾ, ಢೋಲಕ್, ತಾಳ, ಒಂದಷ್ಟು ಗಿಟಾರ್ ಕಾಣ್ತಾವ, ಉಕುಲೇಲೆ ಇದ್ರೂ ಇರ್ತದ, ಇಲ್ಲಂದ್ರ ತರ್ಸಿ ಕೊಡ್ತೀವಿ ಅಂತಾರ. ಭಾಳ ಮಂದಿ ಆನ್‌ಲೈನ್‌ನಾಗೇ ತಗೋತಾರ, ಸುರುವಿನ ಮಾಲು ಎರಡು ಮೂರು ಸಾವ್ರದಾಗ ಬರ್ತದ. ನಾನಂತೂ ಕೈಯಾಗ ಹಿಡಿದು ನೋಡಿ ತಗೊಳ್ರಿ ಅಂತೀನಿ, ಸೊಲ್ಲಾಪುರ ರೈಲಿನ ಮ್ಯಾಗ ಎರಡು ತಾಸಿನ ದಾರಿ, ಹೈದರಾಬಾದ್‌ಗಿ ಹೆಂಗೂ ದವಾಖಾನಿ, ಮದುವಿ ಅಂತ ಹೋಗೇ ಹೋಗ್ತೀರಿ. ಅಂಗಡ್ಯಾಗ ನೋಡೋದು ಎರಡೇ: ಹನ್ನೆರಡನೇ ಫ್ರೆಟ್ (ಕೊರಳ ಮ್ಯಾಗಿನ ಅಡ್ಡ ಪಟ್ಟಿ) ಮ್ಯಾಗ ಒತ್ತಿದಾಗ ಬರೋ ಸುರ, ಖುಲ್ಲಾ ಅಂದ್ರ ಎಲ್ಲೂ ಒತ್ತದ ತಂತಿ ಸುರದ ಮ್ಯಾಗಿನ ಸಪ್ತಕ ಕರೆಕ್ಟ್ ಆಗಿ ಆಗಬೇಕು, ಮತ್ತ ಒಂದನೇ ಫ್ರೆಟ್ ಬಲ್ಲಿ ತಂತಿ ಒತ್ತಲಕ್ಕ ಬೆರಳು ಉರೀಬಾರ್ದು. ಬಣ್ಣ, ಚಿತ್ರ, ಡಾಲ್ಫಿನ್ ಸ್ಟಿಕರ್ ಎಲ್ಲಾ ಆಮ್ಯಾಲ.

ಸೈಜ್ ಬಗ್ಗೆ ಭಾಳ ಮಂದಿ ತಲಿ ಕೆಡಿಸ್ಕೋತಾರ. ಸೊಪ್ರಾನೊ ಎಲ್ಲಾದಕ್ಕಿಂತ ಸಣ್ಣದು, ಸುಮಾರು 21 ಇಂಚು. ಕಾನ್ಸರ್ಟ್ 23, ಟೆನರ್ 26 ಇಂಚಿನ ಆಸುಪಾಸು. ಈ ಮೂರಕ್ಕೂ ಶ್ರುತಿ ಒಂದೇ, ಮ್ಯಾಗಿನ ತಂತಿಯಿಂದ ಕೆಳಗ ಜಿ ಸಿ ಇ ಎ (ಇಂಗ್ಲಿಷ್‌ನಾಗ ಸ್ವರದ ಹೆಸರು). ಬ್ಯಾರಿಟೋನ್ ಅಂತ ಇನ್ನೊಂದು ದೊಡ್ಡದು ಅದ, ಅದರ ಶ್ರುತಿ ಬ್ಯಾರೆ, ಗಿಟಾರ್ ಬರೋರಿಗಿ ಅದು. ಗಂಡಸರ ಕೈಗಿ, ಅದರಾಗೂ ನಮ್ಮ ಕಡಿ ಹೊಲದಾಗ ಕೆಲಸ ಮಾಡಿ ದಪ್ಪ ಆದ ಬೆರಳಿಗಿ ಸೊಪ್ರಾನೊ ಬ್ಯಾಡ್ರಿ, ಒಂದ್ ತಂತಿ ಒತ್ತಿದ್ರ ಬಾಜೂದ್ದು ತಾನೇ ಮುಚ್ಕೋತದ. ಕಾನ್ಸರ್ಟ್ ತಗೊಳ್ರಿ. ಭಜನ್ಯಾಗ ಕುಂದರೋ ವಿಚಾರ ಇದ್ರ ಟೆನರ್ ತಗೊಳ್ರಿ, ಯಾಕಂದ್ರ ತಬಲಾ, ತಾಳದ ನಡುವ ಸೊಪ್ರಾನೊ ಬಾರ್ಸಿದ್ರ ನಿಮ್ಮ ಮೊಳಕೈಗಿ ಮಾತ್ರ ಗೊತ್ತಾಗ್ತದ.

ಕಟ್ಟಿಗಿ ವಿಷಯದಾಗ ನಮ್ಮೂರಿಗಿ ಅಂತ ಒಂದು ಬ್ಯಾರೆನೇ ಲೆಕ್ಕ ಅದ. ಇಂಟರ್ನೆಟ್‌ನಾಗ ಎಲ್ಲಾ ವಿಡಿಯೋದವ್ರೂ ಸಾಲಿಡ್ ವುಡ್ ತಗೊಳ್ರಿ, ಧ್ವನಿ ಬ್ಯಾರೇನೇ ಇರ್ತದ ಅಂತಾರ, ಅವ್ರಿಗೆ ಏನ್ ಗೊತ್ತು ಕಲಬುರ್ಗಿ ಮೇ ತಿಂಗ್ಳು. ಇಲ್ಲಿ 42, 43 ಡಿಗ್ರಿ ಬಿಸಿಲಿನಾಗ ಗಾಳ್ಯಾಗ ತೇವ ಅನ್ನೋದೇ ಇರಂಗಿಲ್ಲ, ಇಡಿ ಕಟ್ಟಿಗಿ ಒಣಗಿ ಕುಗ್ತದ, ತೆಳ್ಳಗಿನ ಮ್ಯಾಗಿನ ಹಲಿಗಿ ಸೀಳ್ತದ, ಫ್ರೆಟ್ ತುದಿ ಹೊರಗ ಬಂದು ಕೈ ಕೊರಿತದ. ಮಳಿಗಾಲ ಬಂದ್ರ ಮತ್ತ ಉಬ್ತದ. ಪದರ ಪದರ ಅಂಟಿಸಿ ಮಾಡಿದ ಲ್ಯಾಮಿನೇಟ್ ಇದಕ್ಕೆಲ್ಲ ಅಷ್ಟು ಹೆದರಂಗಿಲ್ಲ, ಸೋವಿನೂ ಹೌದು. ಸಾಲಿಡ್ ಇದ್ದವ್ರು ಬ್ಯಾಸಿಗ್ಯಾಗ ಕೂಲರ್ ಇರೋ ಖೋಲ್ಯಾಗ ಇಡ್ರಿ, ಕೂಲರ್ ಗಾಳ್ಯಾಗ ತೇವ ಇರ್ತದ, ಆದ್ರ ಕೂಲರ್ ಎದುರಿಗೇ ಬ್ಯಾಡ, ಹಸಿಗಾಳಿ ಸೀದಾ ಬಡಿದ್ರ ಅದೂ ಕೆಡ್ತದ. ಮೂಲ್ಯಾಗ, ಚೀಲದಾಗ ಹಾಕಿ, ಬೇಕಾದ್ರ ಸಾಬೂನು ಡಬ್ಬಿಗಿ ತೂತು ಹಾಕಿ ಅದರಾಗ ಒದ್ದಿ ಸ್ಪಂಜ್ ಇಟ್ಟು ಆ ಚೀಲದಾಗೇ ಇಡ್ರಿ, ನೀರು ತೊಟ್ಟಿಕ್ಕಬಾರ್ದು ಅಷ್ಟ. ಕಾರಿನಾಗ ಬಿಟ್ಟು ಮದುವಿ ಊಟಕ್ಕ ಹೋಗ್ಬ್ಯಾಡ್ರಿ. ಒಬ್ರದು ಹಂಗ ಬಿಟ್ಟು ಬಂದಾಗ ತಂತಿ ಕಟ್ಟೋ ಸೇತುವಿ ಅಂಟು ಬಿಟ್ಟು ಎದ್ದು ನಿಂತಿತ್ತು, ಬಡಿಗ್ಯಾರ ಮಾಮಾನ ಬಲ್ಲಿ ಒಯ್ದು ಅಂಟ್ಸಿಕೊಂಡ್ರು, ಅಂವ ಬಾಗ್ಲಾ ಕೂಡ್ಸೋ ಕ್ಲಾಂಪ್ ಹಾಕಿ ಒಂದ್ ರಾತ್ರಿ ಇಟ್ಟಿದ್ದ, ಈಗ್ಲೂ ಗಟ್ಟಿ ಅದ. ನಮ್ಮ ಊರಾಗ ರಿಪೇರಿ ಅಂದ್ರ ಸದ್ಯಕ್ಕ ಇದೇ.

ಹೊಸಾ ವಾದ್ಯ ಮನಿಗಿ ಬಂದ ವಾರದಾಗ ಎಲ್ಲಾರೂ ಒಂದೇ ಕಂಪ್ಲೇಂಟ್ ಮಾಡ್ತಾರ, ಡಿಫೆಕ್ಟ್ ಪೀಸ್ ಬಂದದ, ಶ್ರುತಿ ನಿಲ್ಲವಲ್ದು ಅಂತ. ಡಿಫೆಕ್ಟ್ ಅಲ್ರಿ ಅದು. ನೈಲಾನ್ ತಂತಿ ಹೊಸದಿದ್ದಾಗ ಜಗ್ಗಿ ಜಗ್ಗಿ ಉದ್ದ ಆಗ್ತಾ ಇರ್ತಾವ, ದಿನಾ ಬಿರಡಿ ತಿರುವಿ ತಿರುವಿ ಕೂಡ್ಸ್ಬೇಕು, ಒಂದೆರಡು ವಾರದಾಗ ತಾವೇ ನಿಲ್ತಾವ. ಸ್ಟೀಲ್ ತಂತಿ ಹಾಕ್ಬ್ಯಾಡ್ರಿ, ಗಿಟಾರ್ ಅಂಗಡಿಯಾಂವ ಎಷ್ಟೇ ಹೇಳಿದ್ರೂ ಹಾಕ್ಬ್ಯಾಡ್ರಿ, ಅಷ್ಟು ಎಳೆತ ತಡಿಯೋ ಶಕ್ತಿ ಅದರ ಕೊರಳಿಗಿ ಇಲ್ಲ. ಉಕುಲೇಲೆ ತಂತಿ ಊರಾಗ ಯಾವತ್ತೂ ಸಿಗ್ತಾವ ಅಂತ ನಂಬ್ಕೊಂಡು ಕೂಡ್ಲಕ್ಕ ಬರಂಗಿಲ್ಲ, ಆನ್‌ಲೈನ್‌ನಾಗ ತರ್ಸುವಾಗ ಎರಡು ಸೆಟ್ ತರ್ಸಿ ಇಟ್ಕೊಳ್ರಿ, ಯಾರದರೆ ಹರಿದ್ರ ಕೊಡ್ಲಕ್ಕ ಆಗ್ತದ, ಇಲ್ಲಿ ಬಳಗ ಬೆಳೆದದ್ದೇ ಹಿಂಗ ತಂತಿ ಕೊಟ್ಟು ತಗೊಂಡು.

ರವಿವಾರ ಮುಂಜಾನಿ ಪಬ್ಲಿಕ್ ಗಾರ್ಡನ್ ಕಡಿ ಬರ್ರಿ. ಹಳೇ ಮಂದಿ ಮೆಹಬೂಬ್ ಗುಲ್ಶನ್ ಅಂತಾರಲ್ಲ, ಅದೇ. ಬ್ಯಾಸಿಗ್ಯಾಗ ಆರು, ಆರೂವರಿಗಿ ಕುಂತ್ರ ಎಂಟಕ್ಕ ಬಿಸಿಲು ತಾನೇ ಎಬ್ಬಿಸಿ ಕಳಸ್ತದ, ಚಳಿಗಾಲದಾಗ ಮಾತ್ರ ಹತ್ತರ ತನಕಾನೂ ನಡಿತದ. ವಾಕಿಂಗ್ ಮಂದಿ ನಿಂತು ನೋಡ್ತಾರ, "ಇದೇನ್ ಗಿಟಾರ್ ಮರಿ ಏನ್ರಿ" ಅಂತ ಕೇಳ್ತಾರ, ನಗ್ರಿ, ಕೈಯಾಗ ಕೊಡ್ರಿ, ಒಂದ್ ಸಲ ಮೀಟಲಿ. ನಮ್ಮ ಬ್ಯಾಂಕ್ ಸರ್ ಬಳಗಕ್ಕ ಬಂದದ್ದೇ ಹಿಂಗ, ಸಕ್ಕರಿ ಕಾಯಿಲೆಗಿ ವಾಕಿಂಗ್ ಮಾಡಂತ ಡಾಕ್ಟರ್ ಕಳಿಸಿದ್ರ ಅವ್ರು ಮೂರು ಸುತ್ತು ಬಿಟ್ಟು ನಮ್ಮ ಬಲ್ಲಿ ಕುಂದರ್ಲಕತ್ತಾರ, ಮನ್ಯಾಗ ವೈನಿಗಿ ಇನ್ನಾ ಗೊತ್ತಿಲ್ಲ. ಅಪ್ಪನ ಕೆರಿ ದಂಡಿನೂ ಛಲೋನೇ, ಸಂಜಿಮುಂದ ಗಾಳಿ ಇರ್ತದ, ಆದ್ರ ಗಾಳಿ ಜೋರಿದ್ದಾಗ ಈ ಸಣ್ಣ ವಾದ್ಯ ಏನೂ ಕೇಳಂಗಿಲ್ಲ, ಮಂದಿನೂ ಭಾಳ. ಕೋಟೆ ಒಳಗ ಕುಂತು ರೀಲ್ಸ್ ಮಾಡೋಣು ಅಂತ ಹುಡುಗ್ರು ಜಿದ್ದು ಮಾಡ್ತಾರ. ಆ ಜಾಮಿ ಮಸೀದಿ 1367ರಷ್ಟು ಹಳೇದು, ನಮಾಜಿನ ಜಾಗ, ಅಲ್ಲಿ ಬಾರ್ಸೋದು ಬ್ಯಾಡ ಅಂತ ನಾ ಮೊದ್ಲಿಂದ ಹೇಳ್ಕೋತ ಬಂದೀನಿ. ಬುದ್ಧ ವಿಹಾರನೂ ಹಂಗೇ, ಅಲ್ಲಿ ಸುಮ್ನ ಕುಂತು ಬರ್ರಿ.

ಈ ರವಿವಾರದ ಬೈಠಕ್‌ಗಿ ನಿಯಮ ಅಂತ ಇಲ್ಲ. ಫೀಸ್ ಇಲ್ಲ, ಚಹಾ ಪಾಳಿ ಪ್ರಕಾರ. ಆದ್ರ ನಾಕ್ ಉಕುಲೇಲೆ ಒಟ್ಟಿಗಿ ಬಾರ್ಸಿದಾಗ ನಾಕೂ ಬ್ಯಾರೆ ಬ್ಯಾರೆ ಶ್ರುತ್ಯಾಗ ಇದ್ರ ಗಾರ್ಡನ್ ನಾಯಿ ಸೈತ ಎದ್ದು ಹೋಗ್ತಾವ, ಅದಕ್ಕ ಮೊದಲ ಹತ್ತು ನಿಮಿಷ ಮಾತಿಲ್ದ ಶ್ರುತಿ ಹಚ್ಚೋದು. ಆಮ್ಯಾಲ ಸಿ, ಎ ಮೈನರ್, ಎಫ್, ಜಿ ಸೆವೆನ್ ಅನ್ನೋ ನಾಕ್ ಕಾರ್ಡ್ ಹಿಡ್ಕೊಂಡು ಹಳೇ ಸಿನಿಮಾ ಹಾಡು. ಸಿ ಹಿಡಿಯಲಕ್ಕ ಒಂದೇ ಬೆರಳು, ಕೆಳಗಿನ ತಂತಿ ಮೂರನೇ ಫ್ರೆಟ್. ಎ ಮೈನರ್‌ಗೂ ಒಂದೇ ಬೆರಳು, ಮ್ಯಾಗಿನ ತಂತಿ ಎರಡನೇ ಫ್ರೆಟ್. ಇದು ಬಂದ್ರ ನೀವು ಬಳಗದಾಗ ಸೇರಿದಂಗ. ನನಗ ಬ್ಯಾಸರ ಆಗೋದು ಏನಂದ್ರ ಭಾಳ ಮಂದಿ ಇಲ್ಲೇ ನಿಂತ್ಬಿಡ್ತಾರ, ವರ್ಷಗಟ್ಟಲೆ ಅದೇ ನಾಕ್ ಕಾರ್ಡ್, ಅದೇ ಹಾಡು, ಮೊಬೈಲ್‌ನಾಗ ಅದೇ ಪೇಜು.

ಭಜನಿ ಮಂಡಳಿಗಿ ಹೋಗ್ರಿ ಅಂದೆ ನೋಡ್ರಿ, ಯಾಕ ಅಂತ ಈಗ ಹೇಳ್ತೀನಿ. ನಮ್ಮ ಓಣಿ ಗುಡ್ಯಾಗ ಸೋಮವಾರ ಸಂಜಿ ಭಜನಿ ಇರ್ತದ. ಹಾರ್ಮೋನಿಯಂ ಕಾಕಾ ಒಬ್ರು ಅದಾರ, ಎಪ್ಪತ್ತು ದಾಟ್ಯದ, ಬಲಗಣ್ಣಿನ ಆಪರೇಷನ್ ಆಗ್ಯದ, ಪೆಟ್ಟಗಿ (ಹಾರ್ಮೋನಿಯಂ) ಮನಿ, ಅಂದ್ರ ಒತ್ತೋ ಕೀ, ಒಂದನ್ನೂ ನೋಡಂಗಿಲ್ಲ, ಬೆರಳಿಗೇ ಕಣ್ಣು. ನಾ ಉಕುಲೇಲೆ ತಗೊಂಡು ಹೋಗಿ ಮೂಲ್ಯಾಗ ಕುಂತಾಗ ಕಾಕಾ ಕೇಳಿದ್ದು ಒಂದೇ ಪ್ರಶ್ನಿ: "ಇದರ ಖುಲ್ಲಾ ತಂತಿ ಏನ್ ಏನ್ ನುಡಿತಾವೋ ತಮ್ಮಾ?" ನಾ ಜಿ ಸಿ ಇ ಎ ಅಂದೆ. "ಅದು ನನಗ ತಿಳಿಯಂಗಿಲ್ಲ, ಬಾರ್ಸು" ಅಂದ್ರು. ಒಂದೊಂದೇ ತಂತಿ ಮೀಟಿದೆ. ಕಾಕಾ ಬಿಳಿ ಒಂದು (ಮೊದಲ ಬಿಳಿ ಮನಿ, ನಮ್ಮ ಸಿ) ಹಿಡಿದು, ಅದನ್ನ ಷಡ್ಜ ಮಾಡ್ಕೊಂಡು, ಎಡಗೈಲೆ ಗಾಳಿ ಹಾಕೋ ಭಾತೆ ಒತ್ತಿಕೋತ ಒಂದೊಂದಕ್ಕೂ ಪೆಟ್ಟಗ್ಯಾಗ ಮನಿ ಹುಡುಕಿ ಹೇಳಿದ್ರು: "ಪ. ಸ. ಗ. ಧ." ಮತ್ತೊಮ್ಮೆ ನಾಕೂ ತಂತಿ ಒಮ್ಮೆಲೆ ಮೀಟಸಿದ್ರು. ಕಣ್ಣು ಮುಚ್ಚಿ ಕೇಳಿ, "ಯಪ್ಪಾ, ಇದು ತಾನೇ ಭೂಪದಾಗ ಕುಂತದಲ್ಲೋ" ಅಂದ್ರು.

ವಿಚಾರ ಮಾಡ್ರಿ. ಭೂಪ ರಾಗಕ್ಕ ಐದೇ ಸ್ವರ, ಸ ರಿ ಗ ಪ ಧ. ಉಕುಲೇಲೆದ ನಾಕೂ ಖುಲ್ಲಾ ತಂತಿ ಆ ರಾಗದಾಗೇ ಅವ, ಇಲ್ದಿದ್ದು ರಿ ಒಂದೇ, ಅದು ಸ ತಂತಿ ಎರಡನೇ ಫ್ರೆಟ್‌ನಾಗ ಕುಂತದ. ಗ ಅನ್ನೋದು ಅದರ ಕೆಳಗಿನ ತಂತಿ ಖುಲ್ಲಾ, ಅದೇ ತಂತಿ ಮೂರನೇ ಫ್ರೆಟ್‌ನಾಗ ಪ, ಧ ಕೊನೀ ತಂತಿ ಖುಲ್ಲಾ, ಅದರ ಮೂರನೇ ಫ್ರೆಟ್‌ನಾಗ ತಾರ ಸ. ಮುಗೀತು, ಆರೋಹ ಪೂರಾ ಆಯ್ತು. ನಮ್ಮ ಕಡಿ ಎಷ್ಟೋ ಭಜನಿ ಪದ ಭೂಪದ ಧಾಟ್ಯಾಗೇ ನಡಿತಾವ, ಹಂಗಾದ್ರ ಬೆರಳು ಇಡ್ಲಕ್ಕ ಬರದವನೂ ಖುಲ್ಲಾ ತಂತಿ ಮೀಟ್ಕೋತ ಆ ಪದಕ್ಕ ಸಾಥ್ ಕೊಡ್ಬಹುದು. ಕಾರ್ಡ್ ಬೇಕೇ ಬೇಕಂದ್ರ ಸಿ ಹಾಕ್ರಿ, ಅದು ಸ ಗ ಪ. ಎ ಮೈನರ್ ಹಾಕ್ರಿ, ಅದು ಧ ಸ ಗ. ಎಫ್ ಮತ್ತ ಜಿ ಸೆವೆನ್ ಮಾತ್ರ ಅಲ್ಲಿ ತರ್ಬ್ಯಾಡ್ರಿ, ಎಫ್‌ನಾಗ ಮ ಬರ್ತದ, ಜಿ ಸೆವೆನ್‌ನಾಗ ಮ, ನಿ ಎರಡೂ ಬರ್ತಾವ, ಭೂಪಕ್ಕ ಅವು ಎರಡೂ ವರ್ಜ್ಯ, ಕಾಕಾ ಪೆಟ್ಟಗಿ ನಿಲ್ಲಿಸಿ ನಿಮ್ಮನ್ನ ನೋಡ್ತಾರ. ಆ ನೋಟದಾಗ ಎಷ್ಟು ಕಲೀತೀರಿ ಅಂದ್ರ ಯಾವ ಆನ್‌ಲೈನ್ ಕೋರ್ಸ್‌ನಾಗೂ ಕಲಿಯಂಗಿಲ್ಲ.

ಭೈರವಿ ರಾಗ ಬಂತು ಅಂದ್ರ ಖುಲ್ಲಾ ಗ, ಧ ಎರಡೂ ಕೈ ಕೊಡ್ತಾವ, ಅಲ್ಲಿ ಕೋಮಲ (ಅರ್ಧ ಸುರ ತಗ್ಗಿಂದು) ಬೇಕು. ಅದಕ್ಕೊಂದು ಉಪಾಯ ಅದ. ಕೆಳಗಿನ ಎರಡು ತಂತಿ ಮೂರನೇ ಫ್ರೆಟ್ ಮ್ಯಾಗ ಒಂದೇ ಬೆರಳಿಲೆ ಒತ್ತಿ ಹಿಡೀರಿ, ಮ್ಯಾಗಿನ ಎರಡು ಖುಲ್ಲಾ ಬಿಡ್ರಿ. ಆಗ ನಾಕೂ ತಂತಿ ಪ ಸ ಪ ಸ ಅಷ್ಟೇ ನುಡಿತಾವ, ಗಂಧಾರನೂ ಇಲ್ಲ ಧೈವತನೂ ಇಲ್ಲ, ಪಂಚಮ ಇರೋ ಯಾವ ರಾಗಕ್ಕೂ ನಡಿತದ, ತಂಬೂರಿ ಇಲ್ದ ಕಡಿ ತಂಬೂರಿ ಕೆಲಸ ಮಾಡ್ತದ. ಮಾಲಕಂಸಕ್ಕ ಮಾತ್ರ ನಡ್ಯಂಗಿಲ್ಲ, ಅದಕ್ಕ ಪಂಚಮನೇ ಇಲ್ಲ. ಇನ್ನೊಂದು ಮಜಾ ನೋಡ್ರಿ, ಉಕುಲೇಲೆದ ಮ್ಯಾಗಿನ ತಂತಿ ಎಲ್ಲಾದಕ್ಕಿಂತ ತಗ್ಗಿನ ಸುರ ಇರಂಗಿಲ್ಲ, ತಗ್ಗಿಂದು ಅದರ ಕೆಳಗಿಂದು, ಗಿಟಾರ್ ಕಲ್ತ ಹುಡುಗ್ರಿಗಿ ಇದು ಉಲ್ಟಾ ಅನ್ನಿಸ್ತದ. ತಂಬೂರಿ ಮೀಟೋರಿಗಿ ಏನೂ ಅನ್ನಿಸಂಗಿಲ್ಲ, ಅಲ್ಲೂ ಮೊದಲು ಪಂಚಮ, ಆಮ್ಯಾಲ ಮ್ಯಾಗಿನ ಜೋಡಿ ಷಡ್ಜ, ಎಲ್ಲಾದಕ್ಕಿಂತ ತಗ್ಗಿನ ಖರಜ್ ಕೊನಿಗಿ ಬರೋದು.

ಕಾಕಾ ಹಾಡೋದು ಕಾಳಿ ಏಕ್‌ದಾಗ. ಅಂದ್ರ ಪೆಟ್ಟಗಿ ಮೊದಲ ಕರಿ ಮನಿ ಷಡ್ಜ, ನಮ್ಮ ಸಿ ಗಿಂತ ಅರ್ಧ ಸುರ ಮ್ಯಾಗ. ಇದಕ್ಕ ಕೇಪೊ ಅಂತ ಕ್ಲಿಪ್ ಸಿಗ್ತದ, ಉಕುಲೇಲೆದ್ದೇ ಸಣ್ಣದು ತಗೊಳ್ರಿ, ಒಂದನೇ ಫ್ರೆಟ್ ಮ್ಯಾಗ ಹಾಕಿದ್ರ ಎಲ್ಲಾ ಕಾಳಿ ಏಕ್ ಆಗ್ತದ, ಬೆರಳು ಇಡೋದು ಅದೇ. ಕಾಳಿ ದೋದಾಗ ಹಾಡ್ತಾರ ಅಂದ್ರ ಮೂರನೇ ಫ್ರೆಟ್ ಮ್ಯಾಗ. ಕೇಪೊ ಹಾಕಿದ್ರೂ ಒಂದ್ ಮಾತು ನೆನಪಿಡ್ರಿ, ಗುಡಿ ಪೆಟ್ಟಗಿ ಹಳೇವು ಇರ್ತಾವ, ಅದರ ರೀಡ್ ಎಷ್ಟೋ ವರ್ಷದ ಹಿಂದ ಟ್ಯೂನ್ ಆಗಿದ್ದು, ನಿಮ್ಮ ಮೊಬೈಲ್ ಟ್ಯೂನರ್ ತೋರ್ಸೋ ಸಿ ಗೂ ಪೆಟ್ಟಗಿ ಸಫೇದ್ ಏಕ್‌ಗೂ (ಬಿಳಿ ಒಂದು) ಜರಾ ಫರಕ್ ಬರ್ತದ. ಅವಾಗ ಟ್ಯೂನರ್ ಹಸಿರು ತೋರಸ್ಲಕತ್ತದ ಅಂತ ವಾದ ಮಾಡ್ಲಕ್ಕ ಹೋಗ್ಬ್ಯಾಡ್ರಿ, ಪೆಟ್ಟಗಿ ಕೇಳಿ ನಿಮ್ಮ ತಂತಿ ಕೂಡ್ಸ್ರಿ, ರೀಡ್ ಕೆರೆದು ಸರಿ ಮಾಡೋದು ಕಾರೀಗರ್ ಕೆಲಸ, ಬಿರಡಿ ತಿರುವೋದು ನಿಮ್ಮ ಕೆಲಸ.

ತಾಳಕ್ಕ ಬರೋಣ. ತಬಲಾ ತಮ್ಮ ಕೆಹರವಾ ಹಿಡಿದ ಅಂದ್ರ ಎಂಟು ಮಾತ್ರೆ, ಧಾ ಗೆ ನಾ ತಿ ನಾ ಕೆ ಧಿ ನಾ. ಬಲಗೈ ಎಂಟೂ ಮಾತ್ರೆಗಿ ಕೆಳಗ ಮ್ಯಾಗ, ಕೆಳಗ ಮ್ಯಾಗ ಆಡ್ತಾ ಇರ್ಬೇಕು, ಆದ್ರ ತಂತಿಗಿ ತಾಗ್ಬೇಕಾದ್ದು ಒಂದು, ಮೂರು, ನಾಕು, ಆರು, ಏಳು, ಎಂಟಕ್ಕ. ಎರಡಕ್ಕ ಐದಕ್ಕ ಕೈ ಗಾಳ್ಯಾಗ ಹೋಗ್ಬೇಕು. ಐದಕ್ಕ ತಾಗ್ದಂಗ ಬಿಡೋದೇ ಕಷ್ಟ, ಕೈ ತಾನೇ ಬಡಿಲಕ್ಕ ಹೋಗ್ತದ, ಅಲ್ಲಿ ತಬಲಾದ ಖಾಲಿ, ಅಂದ್ರ ತಾಳದ ಹಗುರ ಭಾಗ, ಬಂದಾಗ ನೀವೂ ಹಗುರ ಆಗ್ಬೇಕು. ಇಂಗ್ಲಿಷ್ ವಿಡಿಯೋದಾಗ ಐಲ್ಯಾಂಡ್ ಸ್ಟ್ರಮ್ ಅಂತ ದೊಡ್ಡ ಹೆಸರಿಟ್ಟು ಕಲಿಸ್ತಾರಲ್ಲ, ಹೆಚ್ಚುಕಡಿಮಿ ಇದೇ ಅದು, ನಮ್ಮ ತಬಲಾ ತಮ್ಮ ಅದನ್ನ ಬಾಯಿಲೆ ಹೇಳಿ ತೊಡಿ ಮ್ಯಾಗ ಬಡಿದು ಕೂಡ್ಸಿಬಿಟ್ಟ. ದಾದ್ರಾಕ್ಕ ಆರು ಮಾತ್ರೆ, ಒಂದಕ್ಕ ಜೋರು, ನಾಕಕ್ಕ ಹಗುರ, ಅಷ್ಟ.

ಎಲ್ಲಾ ಮಂಡಳ್ಯಾಗೂ ಹಿಂಗ ಕರದು ಕೂಡಸ್ತಾರ ಅಂತ ಹೇಳಂಗಿಲ್ಲ. "ಇದೇನ್ ಪರದೇಶದ್ದು ತಂದೀರಿ, ದೇವರ ಮುಂದ" ಅಂದವ್ರೂ ಅದಾರ. ವಾದ ಬ್ಯಾಡ, ಆದ್ರ ಮನಸಿಗಿ ಹಚ್ಕೊಳ್ಳೋದೂ ಬ್ಯಾಡ. ಅವ್ರ ಮುಂದಿರೋ ಹಾರ್ಮೋನಿಯಂನೇ ಪ್ಯಾರಿಸ್‌ನಾಗ ಹುಟ್ಟಿದ್ದು, ಅಲೆಕ್ಸಾಂಡರ್ ದೆಬೇನ್ ಅನ್ನಾಂವ 1842ರಾಗ ಪೇಟೆಂಟ್ ಮಾಡ್ಸಿದ್ದು, ಕಾಲಿಲೆ ತುಳಿಯೋದಿತ್ತು ಆವಾಗ, ಕಲ್ಕತ್ತಾದಾಗ ದ್ವಾರಕಾನಾಥ ಘೋಷ್ ಅನ್ನೋರು ಅದನ್ನ ನೆಲದ ಮ್ಯಾಗ ಇಟ್ಟು ಕೈಲೆ ಭಾತೆ ಒತ್ತೋ ಹಂಗ ಮಾಡಿದ್ರು. ಆಮ್ಯಾಲ ಇದು ನಮ್ಮ ಸಂಗೀತಕ್ಕ ಸಲ್ಲಂಗಿಲ್ಲ, ಮೀಂಡ್ (ಸ್ವರದಿಂದ ಸ್ವರಕ್ಕ ಜಾರೋದು) ಬರಂಗಿಲ್ಲ, ಶ್ರುತಿ ಸರಿ ಇಲ್ಲ ಅಂತ ಆಕಾಶವಾಣ್ಯಾಗ 1940ರಿಂದ 1971ರ ತನಕ ಹಾರ್ಮೋನಿಯಂ ಬಂದ್ ಮಾಡಿದ್ರು. ಮೂವತ್ತು ವರ್ಷ! ಇವತ್ತು ಹಾರ್ಮೋನಿಯಂ ಇಲ್ದ ಭಜನಿ ಯಾರರೆ ನೆನಸ್ತಾರೇನು. ಹವಾಯಿ ವಾದ್ಯನೂ ನಮ್ಮ ದೇಶಕ್ಕ ಹೊಸದಲ್ಲ, ಟೌ ಮೋ ಅನ್ನೋ ಕಲಾವಿದ್ರು 1940ರ ದಶಕದಾಗ ಕಲ್ಕತ್ತಾದಾಗ ಮನಿ ಮಾಡ್ಕೊಂಡು ಹವಾಯಿ ಗಿಟಾರ್ ಬಾರ್ಸಿ ಕಲಿಸ್ಯಾರ, ಅದೇ ವಾದ್ಯನ ಮುಂದ ಬ್ರಿಜ್ ಭೂಷಣ್ ಕಾಬ್ರಾ ಹಂತಾವ್ರು ಹಿಂದೂಸ್ತಾನಿ ಕಚೇರಿಗಿ ತಂದ್ರು.

ಹಂಗಂತ ಉಕುಲೇಲೆ ಎಲ್ಲಾ ಕಡಿ ಹೊಂದ್ತದ ಅಂತನೂ ಅಲ್ಲ. ತತ್ವಪದದ ಬೈಠಕ್‌ನಾಗ, ಅದರಾಗೂ ನಮ್ಮ ಜಿಲ್ಲೆದ ಕಡಕೋಳ ಮಡಿವಾಳಪ್ಪನವರ ಪದ ಏಕತಾರಿ ಮ್ಯಾಗ ಹಾಡೋ ಮುತ್ಯಾರ ಬಲ್ಲಿ ಕುಂತಾಗ, ನಾ ಚೀಲದಿಂದ ತೆಗಿಯಂಗೇ ಇಲ್ಲ. ಒಂದ್ ತಂತಿ, ಒಂದ್ ದಮ್ಮಡಿ, ಅವರ ಕಂಠ, ಅಲ್ಲಿ ನಾಕ್ ತಂತಿ ಹೆಚ್ಚಾಗ್ತದ. ಫ್ರೆಟ್ ಇರೋ ವಾದ್ಯಕ್ಕ ಸ್ವರದಿಂದ ಸ್ವರಕ್ಕ ಜಾರೋದು ಭಾಳ ಕಷ್ಟ, ನೈಲಾನ್ ತಂತಿ ಎಷ್ಟು ಎಳೆದ್ರೂ ಥೋಡೆನೇ ಏರ್ತದ, ಅವರು ಮಾತ್ರ ಒಂದೇ ಉಸಿರಿನಾಗ ಎಲ್ಲಿಂದ ಎಲ್ಲಿಗಿ ಹೋಗಿ ಬರ್ತಾರ. ಅಂಥಲ್ಲಿ ಕೇಳ್ರಿ. ಮೊಬೈಲ್‌ನಾಗ ರೆಕಾರ್ಡ್ ಮಾಡೋದಿದ್ರ ಕೇಳಿ ಮಾಡ್ರಿ, ಆ ಪದ ಬರ್ಕೊಳ್ರಿ, ಮನ್ಯಾಗ ಬಂದು ಮೆಲ್ಲಕ ಹುಡುಕ್ರಿ.

ಬೀದರ್, ಯಾದಗಿರಿ ಕಡ್ಯವ್ರು ನಮಗೇನಿಲ್ವಾ ಅಂತೀರಿ. ಬೀದರ್‌ದಾಗ ಬಾರ್ಸೋರು ಅದಾರ, ಅವ್ರ ಗಾಳಿ ತಂಪು, ಎತ್ತರದ ಊರು, ವಾದ್ಯಕ್ಕೂ ನಮ್ಮಷ್ಟು ತ್ರಾಸ್ ಇಲ್ಲ. 2017ರಾಗ ಬೀದರ್–ಕಲಬುರ್ಗಿ ರೈಲು ಮಾರ್ಗ ಶುರುವಾದ ಮ್ಯಾಗ ಹುಮನಾಬಾದ್ ಮ್ಯಾಗಿಂದ ಒಬ್ಬಿಬ್ರು ಬರ್ಲಕ್ಕ ಶುರು ಮಾಡ್ಯಾರ, ಡಬ್ಬಿದಾಗೇ ಪ್ರಾಕ್ಟೀಸ್ ಮಾಡ್ಕೋತ ಬರ್ತಾರ. ಯಾದಗಿರಿಯಿಂದ ಬರೋ ತಮ್ಮ ಒಬ್ಬ ವಾಡಿ ಮ್ಯಾಗಿಂದ ರೈಲಿಗಿ ಬರ್ತಾನ, ಎಡಚ, ತಂತಿ ಉಲ್ಟಾ ಕಟ್ಟಿಸ್ಕೊಂಡಾನ. ಅವನಿಗಿ ಕಲಿಸೋದು ಎದುರಿಗಿ ಕುಂತ್ರ ಭಾಳ ಸುಲಭ, ಕನ್ನಡಿ ನೋಡ್ದಂಗ.

ಸಣ್ಣ ಹುಡುಗ್ರಿಗಿ ಕಲಿಸ್ಬೇಕು ಅಂತ ಕೇಳೋ ಅಪ್ಪ ಅವ್ವಂದಿರಿಗಿ ಒಂದ್ ಮಾತು. ಕ್ಲಾಸಿಗಿ ಹಾಕೋಕಿಂತ ಮೊದಲ ಮನ್ಯಾಗ ಬಾಯಿಲೆ ಹಾಡಿಸ್ರಿ. ಸಾಲಿ ಬಾಯೋರು ನಮ್ಮ ಬಳಗದಾಗ ಅದಾರಲ್ಲ, ಅವ್ರು ಪ್ರಾರ್ಥನಾ ಟೈಮಿಗಿ ತಮ್ಮ ಸೊಪ್ರಾನೊ ಒಯ್ತಾರ, ಖುಲ್ಲಾ ತಂತಿ ಮೀಟಿ ಪ ಸ ಗ ಧ ಅಂತ ಹುಡುಗ್ರಿಂದ ಅನ್ನಿಸ್ತಾರ, ಒಂದ್ ತಿಂಗ್ಳಿನಾಗ ಎರಡನೇ ಇಯತ್ತೆ ಹುಡುಗ್ರು ತಂತಿ ಶ್ರುತಿ ಬಿಟ್ರ "ಬಾಯೋರೆ, ಗ ಇಳದದರೀ" ಅಂತ ಹೇಳ್ಲಕತ್ತಾರಂತ. ಬಾಯೋರು ಇದನ್ನ ಹೇಳುವಾಗ ಅವರ ಮುಖ ನೋಡ್ಬೇಕು ನೀವು.

ರೊಕ್ಕ ಕೊಟ್ಟು ಕಲಿಬೇಕು ಅನ್ನೋರಿಗಿ, ಉಕುಲೇಲೆಗಂತಲೇ ಕಲಿಸೋ ಮಾಸ್ತರ್‌ರನ್ನ ಹುಡ್ಕಿ ಟೈಮ್ ಕಳಿಬ್ಯಾಡ್ರಿ. ಗಿಟಾರ್ ಮಾಸ್ತರ್ ಕಾರ್ಡ್ ಹೇಳಿಕೊಡ್ತಾರ, ಸಾಕು, ಎರಡು ಮೂರು ತಿಂಗ್ಳಿನ ಮಾತು. ಆಮ್ಯಾಲ ಅದೇ ರೊಕ್ಕದಾಗ ಹಿಂದೂಸ್ತಾನಿ ಗಾಯನ ಕಲಿಸೋರ ಬಲ್ಲಿ ಕುಂದರ್ರಿ, ಕೈಗಿಂತ ಕಿವಿ ತಯಾರಾಗ್ಬೇಕು. ಇದನ್ನ ಹೇಳಿದ್ರ ಹುಡುಗ್ರಿಗಿ ಸಿಟ್ಟು ಬರ್ತದ, ಬರ್ಲಿ.

ಹೊಸದಾಗಿ ಬರೋರಿಗಿ ಶ್ರಾವಣ ಛಲೋ ಟೈಮು. ಊರೂರಿಗಿ ಪುರಾಣ ಪ್ರವಚನ ಹಚ್ಚಿರ್ತಾರ, ರಾತ್ರಿ ಪೆಟ್ಟಗಿ ತಬಲಾ ಇದ್ದೇ ಇರ್ತಾವ, ಪ್ರವಚನಕ್ಕಿಂತ ಮುಂಚೆ ಅರ್ಧ ತಾಸು ಹಾಡು ನಡೀತದ. ಎರಡು ದಿನ ಸುಮ್ನ ಕುಂತು ಕೇಳಿ, ಮೂರನೇ ದಿನ ಹಾರ್ಮೋನಿಯಂ ಬಾರ್ಸೋರ ಬಲ್ಲಿ ಹೋಗಿ "ಕಾಕಾ, ಯಾವ ಸಫೇದ್ ಯಾವ ಕಾಳಿ ಹಿಡೀತೀರಿ" ಅಂತ ಕೇಳ್ರಿ. ಹಿಂಗ ಕೇಳಿದವ್ರನ್ನ ಅವ್ರು ದೂರ ಕೂಡ್ಸಂಗಿಲ್ಲ. ಮೈಕ್ ಮುಂದ ಮಾತ್ರ ತಾವಾಗೇ ಹೋಗ್ಬ್ಯಾಡ್ರಿ, ಕರದ್ರ ಹೋಗ್ರಿ.

ರವಿವಾರ ಗಾರ್ಡನ್‌ಗಿ ಬರೋರು ಕ್ಲಿಪ್ ಟ್ಯೂನರ್ ತರ್ರಿ, ಎಲ್ಲಾರೂ ನಂದೇ ಕೇಳ್ತಾರ. ಅದರ ಸೆಲ್ ಸಿಆರ್ 2032, ವಾಚ್ ರಿಪೇರಿ ಅಂಗಡ್ಯಾಗ ಸಿಗ್ತದ. ಮಳಿ ಇದ್ರ ಬರ್ಬ್ಯಾಡ್ರಿ, ಆ ದಿನ ನಾವೂ ಇರಂಗಿಲ್ಲ, ಯಾವುದರೆ ಹೋಟೆಲ್‌ನಾಗ ಸುಸಲಾ ಮಿರ್ಚಿ ತಿಂತಾ ಕುಂತಿರ್ತೀವಿ.